ಆಮೆಗೆ ಕೊಡುವವರು ಯಾರು?

ಅರಗು ಕರಗುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯೂ ಅಲ್ಲ, ಸಿಹಿ ವಾಸನೆಯೂ ಅಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಏನೋ ಮಾಡುತ್ತಿದ್ದಾರೆ ಅನ್ನಿಸುವಂಥ ವಾಸನೆ. ಐದು ವರ್ಷದ ಹುಡುಗನೊಬ್ಬ ಸೋದರತ್ತೆಯ ಕೈ ಹಿಡಿದು ಪಾರ್ಸೆಲ್ ಕಚೇರಿಗೆ ಹೋಗಿದ್ದಾಗ ಕೌಂಟರಿನ ಅಂಚಿಗೆ ಮೂಗು ತಾಗಿಸಿ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡ. ಕೆಂಪು ಹನಿ ಗಂಟಿನ ಮೇಲೆ ಬಿತ್ತು, ಹಿತ್ತಾಳೆಯ ಮೊಹರು ಅದರ ಮೇಲೆ ಕೂತಿತು.

"ಒಳಗೇನಿದೆ?" ಅಂತ ಕೇಳಿದ.

"ಕಳಿಸಿದೋರಿಗೆ ಗೊತ್ತು, ತಗೊಳ್ಳೋರಿಗೆ ಗೊತ್ತಾಗುತ್ತೆ. ಮಧ್ಯದಲ್ಲಿರೋ ನಮಗೆ ಗೊತ್ತಾಗಬಾರದು ಕಂದ," ಎಂದರು ಕೌಂಟರಿನವರು.

ಆ ಹುಡುಗ ದೊಡ್ಡವನಾಗಿ ಅದೇ ಕೌಂಟರಿನ ಒಳಗಡೆ ಕೂತು ಈಗ ಇಪ್ಪತ್ತೆರಡು ವರ್ಷವಾಗಿದೆ. ಅರಗಿನ ಕಾಲ ಹೋಗಿ ಅಂಟುಪಟ್ಟಿಯ ಕಾಲ ಬಂದರೂ ಮೇಜಿನ ಖಾನೆಯಲ್ಲಿ ಅರಗು, ಮೇಣದ ಬತ್ತಿ, ಮೊಹರು ಇಟ್ಟುಕೊಂಡ ಒಬ್ಬನೇ ಮನುಷ್ಯ ಅವರು. ಕಚೇರಿಯಲ್ಲೆಲ್ಲ ಅವರಿಗೆ ಸೀಲುಸಾಹೇಬರು ಅಂತಲೇ ಹೆಸರು. ಕೈಯಲ್ಲಿ ಅಧಿಕಾರ ಇಲ್ಲದಿದ್ದರೂ ತಲೆಯ ಮೇಲೆ ಟೋಪಿ ಇತ್ತು, ಆದ್ದರಿಂದ ಸಾಹೇಬರು.

ಈ ಸಾಹೇಬರ ಒಬ್ಬಳೇ ಮಗಳು ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಅಲ್ಲಿ ಹನ್ನೆರಡು ಮಕ್ಕಳು. ಅಕ್ಷರ ಬಾರದ ವಯಸ್ಸಾದ್ದರಿಂದ ಟೀಚರು ಗೋಡೆಗೆ ಸಾಲಾಗಿ ಗೂಟ ಹೊಡೆಸಿ, ಒಂದೊಂದರ ಕೆಳಗೂ ಒಂದೊಂದು ಚಿತ್ರ ಅಂಟಿಸಿದ್ದರು. ಮೀನು, ರೈಲು, ಚಂದ್ರ, ದೋಣಿ, ಗಾಳಿಪಟ, ಗಡಿಯಾರ, ಹೀಗೆ. ಮಗು ತನ್ನ ಚಿತ್ರದ ಗೂಟಕ್ಕೆ ಕೋಟು ಹಾಕಬೇಕು, ಚೀಲ ನೇತುಹಾಕಬೇಕು. ಎರಡು ತಿಂಗಳಲ್ಲಿ ಮಕ್ಕಳ ಹೆಸರು ಮಾಯವಾಗಿ ಚಿತ್ರವೇ ಹೆಸರಾಯಿತು. ಆಮೇಲೆ ಅದು ಹೆತ್ತವರಿಗೂ ಹತ್ತಿತು. "ಮೀನಿನ ಅಮ್ಮ ಬಂದ್ರಾ?" "ಗಡಿಯಾರದ ತಾತನ ಮಂಡಿನೋವು ಹೇಗಿದೆ?" ಇದು ಶಾಲೆಯ ಗೇಟಿನ ಮಾತುಕತೆ. ಸಾಹೇಬರ ಮಗಳು ಆಮೆ.

ಸಾಲಿನಿಂದ ಸ್ವಲ್ಪ ಆಚೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಇನ್ನೊಂದು ಗೂಟವಿತ್ತು. ಅದು ಯಾರದೂ ಅಲ್ಲ ಎಂದುಕೊಂಡು ಸಾಹೇಬರು ದಿನಾ ಬೆಳಿಗ್ಗೆ ಕಣ್ಣನ್ನು ಮಗಳ ಮೇಲಿಟ್ಟು, ಕೈಯಿಂದ ಟೋಪಿಯನ್ನು ಆ ಗೂಟಕ್ಕೆ ಸಿಕ್ಕಿಸಿ, ಬಗ್ಗಿ ಮಗಳ ಬೂಟಿನ ಲಾಡಿ ಬಿಚ್ಚುತ್ತಿದ್ದರು. ಈ ಟೋಪಿಯ ಸಂಗತಿಯನ್ನು ಓದುವವರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಸಾಹೇಬರು ಇಟ್ಟುಕೊಳ್ಳಲಿಲ್ಲ.

ದೊಡ್ಡ ರಜೆಗೆ ಮುಂಚೆ ಮಕ್ಕಳು ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು ಆ ಶಾಲೆಯ ಪದ್ಧತಿ. ಟೀಚರು ಹೆತ್ತವರ ಸಭೆ ಕರೆದು ಸುತ್ತೋಲೆ ಹಂಚಿದರು. ಚಿತ್ರದ ಚೀಟಿಯೊಂದನ್ನು ಮಗುವೇ ಎತ್ತುತ್ತದೆ. ಮನೆಯಲ್ಲಿ ದೊಡ್ಡವರೊಬ್ಬರು ಮಗುವಿನ ಜೊತೆ ಕೂತು ಲಕೋಟೆ ತೆರೆಯಬೇಕು. ಉಡುಗೊರೆ ಅಂಗಡಿಯದಾಗಿರಬಾರದು, ಮನೆಯಲ್ಲೇ ಮಾಡಿದ್ದಾಗಿರಬೇಕು. ಯಾರಿಂದ ಯಾರಿಗೆ ಎಂಬುದು ಕೊನೆಯ ದಿನದವರೆಗೂ ಗುಟ್ಟು.

"ಪ್ರತಿ ವರ್ಷ ಒಂದೆರಡು ಮನೆಯಲ್ಲಿ ಚೀಟಿ ಕಳೆದುಹೋಗುತ್ತೆ. ಕೊನೆಗೆ ಒಂದು ಮಗು ಬರಿಗೈಯಲ್ಲಿ ಕೂತಿರುತ್ತೆ. ದಯವಿಟ್ಟು ಜೋಪಾನ," ಎಂದರು ಟೀಚರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಸೀಲುಸಾಹೇಬರು ಎದ್ದು ನಿಂತರು. ಕೂತಿದ್ದದ್ದು ಮಕ್ಕಳ ಕುರ್ಚಿಯಾದ್ದರಿಂದ ಅದೂ ಅವರ ಜೊತೆಗೇ ಎದ್ದಿತು.

"ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದು ಪಾರ್ಸೆಲ್ಲೂ ದಾರಿ ತಪ್ಪಿಲ್ಲ. ಚೀಟಿ ಕಳೆಯೋದು ಅಂದ್ರೇನು ಮೇಡಂ? ಅದು ಮರೆವಲ್ಲ, ಸ್ವಭಾವದ ದೋಷ," ಎಂದರು. ಜೇಬಿನಿಂದ ಮೊಹರು ತೆಗೆದು, ಸುತ್ತೋಲೆಯ ಕೆಳಗೆ 'ಸ್ವೀಕರಿಸಲಾಗಿದೆ' ಎಂದು ಒತ್ತಿ, ಅಲ್ಲೇ ವಾಪಸು ಕೊಟ್ಟರು. ಉಳಿದವರು ತಮ್ಮ ತಮ್ಮ ಪ್ರತಿಯನ್ನು ಮನೆಗೆ ಒಯ್ದು ಓದಿದರು.

ಸೋಮವಾರ ಮಗಳು ಲಕೋಟೆಯೊಂದನ್ನು ತಂದು ಅಪ್ಪನ ಕೈಗಿಟ್ಟಳು. ಬಾಯಿ ಅಂಟಿಸಿತ್ತು. "ಅಪ್ಪ, ಭದ್ರವಾಗಿಡು. ನೀನು ನೋಡಬಾರದು."

"ಪಾರ್ಸೆಲ್ಲಿನವರು ನೋಡೋದಿಲ್ಲಮ್ಮ," ಎಂದು ಸಾಹೇಬರು ಅದನ್ನು ಎದೆಯ ಮೇಲಿನ ಜೇಬಿಗೆ ಇಳಿಸಿದರು. ಭಾನುವಾರ ಇಬ್ಬರೂ ಕೂತು ತೆರೆದರಾಯಿತು ಎಂದುಕೊಂಡರು. ಹೆಂಡತಿ ಕೆಲಸದ ತರಬೇತಿಗೆಂದು ಮೂರು ವಾರ ಬೇರೆ ಊರಿಗೆ ಹೋಗಿದ್ದಳು. 'ದೊಡ್ಡವರೊಬ್ಬರು' ಅಂದರೆ ತಾವೇ ತಾನೆ? ಮನೆಯಲ್ಲಿ ಅತ್ತೆಯವರೂ ಇದ್ದಾರೆ, ಅವರೂ ದೊಡ್ಡವರೇ ಎಂಬುದು ಅಳಿಯಂದಿರಿಗೆ ಹೊಳೆಯಲಿಲ್ಲ.

ಮಂಗಳವಾರ ಸಂಜೆ ಒಗೆಯುವ ಯಂತ್ರದಿಂದ ಅಂಗಿ ಹೊರಗೆ ಬಂತು. ಜೇಬಿನಲ್ಲಿ ಬಟಾಣಿಗಿಂತ ತುಸು ದೊಡ್ಡದಾದ ಬಿಳಿಯ ಉಂಡೆಯೊಂದು ಇತ್ತು.

ಸಾಹೇಬರು ಅದನ್ನು ಬೆಳಕಿಗೆ ಹಿಡಿದರು, ಸೂಜಿಯಿಂದ ಬಿಡಿಸಿದರು, ಭೂತಗನ್ನಡಿಯಿಂದ ನೋಡಿದರು. ಮೀನೂ ಇಲ್ಲ, ಚಂದ್ರನೂ ಇಲ್ಲ. ಹಾಳಾದ ಸರಕನ್ನು ಎಸೆಯಕೂಡದು, ಕಾದಿರಿಸಬೇಕು ಎಂಬ ನಿಯಮದಂತೆ ಉಂಡೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಅರಗು ಹಾಕಿ ಮೊಹರು ಒತ್ತಿದರು.

"ಏನು ಹುಡುಕ್ತಿದೀರಿ ಅಳಿಯಂದಿರೇ?" ಎಂದರು ಅತ್ತೆ, ಬಟ್ಟೆ ಮಡಿಸುತ್ತ.

"ಏನಿಲ್ಲ ಅತ್ತೆ. ಗುಂಡಿ."

"ಗುಂಡಿ ಎಲ್ಲಾ ಅಂಗಿಯಲ್ಲೇ ಇದೆಯಲ್ಲ."

"ಅದನ್ನೇ ಹುಡುಕ್ತಿದ್ದೆ, ಸಿಕ್ತು."

ಟೀಚರನ್ನು ಇನ್ನೊಂದು ಚೀಟಿ ಕೇಳಬಹುದಿತ್ತು. ಆದರೆ 'ಸ್ವಭಾವದ ದೋಷ' ಎಂದು ತುಂಬಿದ ಸಭೆಯಲ್ಲಿ ಹೇಳಿದ ಬಾಯಿಂದ ಕೇಳುವುದು ಹೇಗೆ? ಮಗಳ ಎದುರು ತಪ್ಪೊಪ್ಪಿಕೊಳ್ಳುವುದು ಇನ್ನೂ ಕಷ್ಟ. ಹಾಗಂತ ಬಿಟ್ಟರೆ ಯಾವುದೋ ಒಂದು ಮಗು, ಮೀನೋ ಮೊಲವೋ, ತನ್ನ ಗೂಟದ ಕೆಳಗೆ ಬರಿಗೈಯಲ್ಲಿ ಕೂತಿರುತ್ತದೆ, ಸಾಹೇಬರ ಜೇಬಿನ ದೆಸೆಯಿಂದ. ಊಟಕ್ಕೆ ಕೂತಾಗಲೆಲ್ಲ ಆ ಚಿತ್ರ ಕಣ್ಣ ಮುಂದೆ ಬರುತ್ತಿತ್ತು.

ಕೊನೆಗೆ ಅವರಿಗೆ ಕಚೇರಿಯ ದಾರಿ ಹೊಳೆಯಿತು. ವಿಳಾಸ ಅಳಿಸಿದ ಪಾರ್ಸೆಲ್ ಬಂದರೆ ಏನು ಮಾಡುತ್ತೇವೆ? ಬೇರೆಲ್ಲರಿಗೂ ಅವರವರದು ತಲುಪಿತೇ ನೋಡುತ್ತೇವೆ, ಯಾರಿಗೆ ತಲುಪಿಲ್ಲವೋ ಇದು ಅವರದು. ಹಾಗೇ ಉಳಿದ ಹನ್ನೊಂದು ಮನೆಯವರು ಯಾರ್ಯಾರಿಗೆ ಕೊಡುತ್ತಾರೆ ಎಂದು ತಿಳಿದರೆ, ಯಾರಿಗೂ ಸಿಗದ ಒಂದು ಚಿತ್ರ ಉಳಿಯುತ್ತದೆ. ಅದೇ ತಮ್ಮ ಚೀಟಿ! ಸಾಹೇಬರು ದಪ್ಪ ರಟ್ಟಿನ ಪುಸ್ತಕ ತೆಗೆದು ಹನ್ನೆರಡು ಗೆರೆ ಎಳೆದರು.

ಮೊದಲು ಕ್ಷೌರಿಕನ ಅಂಗಡಿ. ಕ್ಷೌರಿಕ ರೈಲಿನ ಅಪ್ಪ.

"ಮೊನ್ನೆ ತಾನೆ ಕತ್ತರಿಸಿದ್ನಲ್ಲ ಸಾರ್?"

"ಹಿಂದುಗಡೆ ಸ್ವಲ್ಪ ಬೆಳೆದಿದೆ."

"ಹಿಂದುಗಡೆ ಇರೋದು ಕುತ್ತಿಗೆ ಸಾರ್."

ಆದರೂ ಬಟ್ಟೆ ಹೊದಿಸಿದ. ಕುರ್ಚಿಯಲ್ಲಿ ಕೂತವರ ಗುಟ್ಟೆಲ್ಲ ಅವನ ಕತ್ತರಿಯ ತುದಿಯಲ್ಲಿತ್ತು. ಅರ್ಧ ಗಂಟೆಯಲ್ಲಿ ರೈಲು ಕೊಡೆಗೆ ಕೊಡುತ್ತದೆ, ಎಲೆ ಮೀನಿಗೆ, ಬಾತುಕೋಳಿ ಮೊಲಕ್ಕೆ ಎಂದು ಮೂರು ಗೆರೆ ತುಂಬಿತು. ಸಾಹೇಬರ ತಲೆ ಮೊಟ್ಟೆಯ ಹಾಗೆ ಹೊಳೆಯಿತು.

ಮರುದಿನ ಹಲ್ಲಿನ ಡಾಕ್ಟರು. ಅವರು ಚಂದ್ರನ ಅಮ್ಮ. "ಯಾವ ಹಲ್ಲು ನೋವು?" ಎಂದರೆ ಸಾಹೇಬರು "ನೀವೇ ನೋಡಿ ಹೇಳಿ" ಎಂದರು. ಡಾಕ್ಟರು ನೋಡಿದರು. ಹುಡುಕುವವರಿಗೆ ಸಿಗದೆ ಇರುತ್ತದೆಯೆ? ಬಾಯಲ್ಲಿ ಎರಡು ಕಬ್ಬಿಣ, ಒಂದು ಹಿಡಿ ಹತ್ತಿ ತುರುಕಿದ ಮೇಲೆ ಡಾಕ್ಟರಿಗೆ ಧೈರ್ಯ ಬಂತು. "ನಿಮ್ಮ ಹತ್ರ ಹೇಳಿದ್ರೆ ಪರವಾಗಿಲ್ಲ, ನೀವು ಗುಟ್ಟಿನ ಮನುಷ್ಯರು. ನಮ್ಮ ಚಂದ್ರನಿಗೆ ಗಡಿಯಾರ ಬಂದಿದೆ. ಉಗುಳಿ."

ಒಂದು ಹಲ್ಲಿಗೆ ಒಂದು ಗೆರೆ. ಈ ಲೆಕ್ಕದಲ್ಲಿ ಹೋದರೆ ಹಲ್ಲು ಸಾಲದು ಎಂದು ಸಾಹೇಬರು ದಾರಿ ಬದಲಿಸಿದರು. ಗೇಟಿನ ಹತ್ತಿರ ಮೀನಿನ ಅಮ್ಮನನ್ನು ತಡೆದರು. ಆಕೆ ದರ್ಜಿ.

"ನಿಮ್ಮದು ಯಾರಿಗೆ ಅಂತ ನಾನು ಕೇಳೋದಿಲ್ಲ. ತೂಕ ಎಷ್ಟಾಗಬಹುದು?" ಬಾಯಿ ತೆರೆದರೆ ತೂಕವೇ ಬರುವುದು ಅವರ ಕಸುಬಿನ ಗುಣ.

"ತೂಕಾನಾ?" ಆಕೆ ಗಾಬರಿಯಾದಳು. "ಬಟ್ಟೆ ಗೊಂಬೆ ಸಾರ್. ನೂರು ಗ್ರಾಂ ಇರಬಹುದು. ಕಡಿಮೆ ಆಯ್ತಾ?"

"ಕಡಿಮೆ ಅಂತಲ್ಲ..."

"ದೋಣಿಗೆ ಕೊಡೋದು, ಅದು ಪುಟ್ಟ ಮಗು ಅಂತ ಹಗುರಾಗಿ ಮಾಡ್ದೆ. ತೂಗ್ತಾರೆ ಅಂತ ಯಾರೂ ಹೇಳಲೇ ಇಲ್ವಲ್ಲ!"

ಸಾಹೇಬರು ಪುಸ್ತಕ ತೆಗೆದು ದೋಣಿಯ ಗೆರೆ ತುಂಬಿದರು. ಅವರು ಬರೆದುಕೊಂಡದ್ದನ್ನು ಆಕೆ ನೋಡಿದಳು. ಅಷ್ಟು ಸಾಕಾಯಿತು. ಸಂಜೆಯೊಳಗೆ ಎಲ್ಲ ಮನೆಗೂ ಸುದ್ದಿ ಮುಟ್ಟಿತು. ಈ ವರ್ಷ ಉಡುಗೊರೆ ತೂಗುತ್ತಾರಂತೆ. ಪಾರ್ಸೆಲ್ ಕಚೇರಿಯವರನ್ನೇ ನೇಮಿಸಿದಾರಂತೆ. ಪುಸ್ತಕದಲ್ಲಿ ಬರಕೊಳ್ತಿದಾರಂತೆ. ಕಡಿಮೆ ತೂಗಿದವರ ಮಗುವನ್ನು ಮುಂದಿನ ತರಗತಿಗೆ ಹಾಕೋದಿಲ್ಲವಂತೆ, ಎಂದು ಕೊನೆಯದನ್ನು ಸೇರಿಸಿದವರು ಯಾರೋ ಗೊತ್ತಾಗಲಿಲ್ಲ.

ಶುಕ್ರವಾರ ಪಾರ್ಸೆಲ್ ಕೌಂಟರಿನ ಮುಂದೆ ಸಾಲು ನಿಂತಿತು. ಚೀಲದೊಳಗೆ ಕೈ ಬಿಟ್ಟುಕೊಂಡು, ಅತ್ತಿತ್ತ ನೋಡುತ್ತ, ಒಬ್ಬೊಬ್ಬರೇ ಬಂದು ತಕ್ಕಡಿಯ ಮೇಲೆ ಏನನ್ನೋ ಇಟ್ಟು ಪಿಸುಗುಟ್ಟಿದರು. ದೋಣಿಯ ಅಪ್ಪ ಬಸ್ಸನ್ನು ರಸ್ತೆಯ ಮಧ್ಯೆ ನಿಲ್ಲಿಸಿಯೇ ಓಡಿ ಬಂದ. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ "ಎಷ್ಟು ಬಂತು?" ಎಂದು ಕೇಳಿದರು.

ಗಡಿಯಾರದ ತಾತ ಮಂಡಿ ಹಿಡಿದುಕೊಂಡು ಕೊನೆಗೆ ಬಂದರು. "ಗಾಳಿಪಟದ ಪಾಪೂಗೆ ಇದು. ಮುನ್ನೂರು ಗ್ರಾಂ. ಸಾಲದಿದ್ರೆ ಹೇಳಿ, ಒಳಗೆ ಒಂದು ಕಲ್ಲಿಡ್ತೀನಿ."

"ಮನೆಯಲ್ಲೇ ಮಾಡಿದ್ದಿರಬೇಕು ತಾತ."

"ಕಲ್ಲನ್ನಾ?" ತಾತ ಯೋಚಿಸಿದರು. "ಕಷ್ಟ. ಆದರೂ ನೋಡ್ತೀನಿ."

ಅದು ತಪ್ಪು ಎಂದು ಹೇಳಲು ಸಾಹೇಬರು ಬಾಯಿ ತೆರೆದರು, ಆದರೆ ಪುಸ್ತಕದಲ್ಲಿ ಹನ್ನೊಂದನೆಯ ಗೆರೆ ತುಂಬುತ್ತಿತ್ತು. ಬಾಯಿ ಮುಚ್ಚಿಕೊಂಡು ಬರೆದರು. ಹನ್ನೊಂದು ಮನೆ, ಹನ್ನೊಂದು ಚಿತ್ರ. ಒಂದು ಚಿತ್ರವೂ ಎರಡು ಸಲ ಬಂದಿಲ್ಲ. ಉಳಿದದ್ದು ಒಂದೇ ಒಂದು.

ಆಮೆ.

ಸಾಹೇಬರು ಮೂರು ಸಲ ತಾಳೆ ನೋಡಿದರು. ಮೂರು ಸಲವೂ ಆಮೆಯೇ. ಅಂದರೆ ಮಗಳು ತನ್ನ ಚೀಟಿಯನ್ನು ತಾನೇ ಎತ್ತಿದ್ದಾಳೆ! ಅವಳಿಗೆ ಕೊಡುವವರು ಯಾರೂ ಇಲ್ಲ! ಇಷ್ಟು ದಿನ ಯಾವುದೋ ಮಗು ಬರಿಗೈಯಲ್ಲಿ ಕೂತ ಚಿತ್ರ ಕಾಣುತ್ತಿತ್ತು. ಈಗ ಆ ಮಗುವಿಗೆ ಮುಖ ಬಂತು, ಎರಡು ಜಡೆ ಬಂತು, ಮುಂದಿನ ಒಂದು ಹಲ್ಲು ಬಿದ್ದ ಬಾಯಿ ಬಂತು.

ಮನೆಗೆ ಹೋದರೆ ಮಗಳು ಕಾಗದ ಪೆನ್ಸಿಲ್ಲು ಹಿಡಿದು ಕಾಯುತ್ತಿದ್ದಳು. "ಅಪ್ಪ, ಕೈ ಇಡು." ಇಟ್ಟರು. ಬೆರಳ ಸುತ್ತ ಗೆರೆ ಎಳೆದಳು, ನೋಡಿದಳು. "ನಿಂದು ತುಂಬ ದೊಡ್ಡದು. ಅಜ್ಜಿ, ನೀನು ಕೈ ಕೊಡು."

"ಇದು ಯಾಕಮ್ಮ?"

"ಗುಟ್ಟು."

ಪಾಪ, ತನಗೆ ತಾನೇ ಏನೋ ಆಟ ಹೂಡಿಕೊಂಡಿದೆ ಎಂದು ಸಾಹೇಬರು ಮಗಳ ಜಡೆ ನೇವರಿಸಿದರು. ಅತ್ತೆ ಅಳಿಯನ ಮುಖವನ್ನು ಒಂದು ಗಳಿಗೆ ನೋಡಿ, "ಅಳಿಯಂದಿರೇ, ಏನಾದ್ರೂ ಕೇಳೋದಿದ್ರೆ ಕೇಳಿ," ಎಂದರು.

"ಕೇಳೋದೇನಿದೆ ಅತ್ತೆ, ಎಲ್ಲಾ ತಿಳಿದುಕೊಂಡಾಯ್ತು," ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು.

ಮುಂದಿನ ವಾರ ನಾಲ್ಕು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸಾಹೇಬರು ಕಚೇರಿಯ ಹಿಂದಿನ ಕೋಣೆ ಸೇರಿದರು. ಊಟದ ಡಬ್ಬಿ ಮುಚ್ಚಿದ ಹಾಗೇ ಮನೆಗೆ ವಾಪಸಾಯಿತು. ಹಳೆಯ ರಟ್ಟು ಕತ್ತರಿಸಿ ಒಂದು ಪುಟ್ಟ ಪಾರ್ಸೆಲ್ ಕೌಂಟರು ಮಾಡಿದರು. ಅದಕ್ಕೊಂದು ಕಿಟಕಿ, ಬೆಂಕಿಪೊಟ್ಟಣದ ಖಾನೆ, ದಾರ ಕಟ್ಟಿದ ತಕ್ಕಡಿ. ರಬ್ಬರಿನ ತುಂಡನ್ನು ಕೊರೆದು ಆಮೆಯ ಚಿತ್ರದ ಮೊಹರು ಮಾಡುವುದಕ್ಕೇ ಎರಡು ಮಧ್ಯಾಹ್ನ ಹಿಡಿಯಿತು. ಮೊದಲ ಸಲ ಅದು ಆಲೂಗಡ್ಡೆಯ ಹಾಗೆ ಬಂತು, ಎರಡನೆಯ ಸಲ ಕಾಲು ಬಂದು ತಲೆ ಬರಲಿಲ್ಲ. ಮೂರನೆಯದರಲ್ಲಿ ಆಮೆ ಕತ್ತು ಚಾಚಿ ನೋಡಿತು. ಕಾಗದ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಹಾಕಿ, 'ಆಮೆಗೆ' ಎಂದು ಬರೆದರು. ಕಳಿಸಿದವರ ಜಾಗ ಖಾಲಿ ಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮಾಡಿದ ಮೊದಲ ನಿಯಮಭಂಗ.

ಉಡುಗೊರೆಯ ದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಟೀಚರು ದಂಗಾಗಿ ನಿಂತಿದ್ದರು. ಮಕ್ಕಳ ಕೈಯಲ್ಲಿ ಇರಬೇಕಾದ ಉಡುಗೊರೆಗಳನ್ನು ಹೆತ್ತವರು ಏದುಸಿರು ಬಿಡುತ್ತ ಹೊತ್ತು ತರುತ್ತಿದ್ದರು. ಮೀನಿನ ಅಮ್ಮನ ಬಟ್ಟೆ ಗೊಂಬೆಯ ಹೊಟ್ಟೆಗೆ ಮರಳು ತುಂಬಿತ್ತು. ಅದನ್ನು ಇಬ್ಬರು ಹಿಡಿದು ಕೂರಿಸಬೇಕಾಯಿತು. ದೋಣಿಯ ಅಪ್ಪ ಬಸ್ಸಿನ ಹಳೆಯ ಚಕ್ರವನ್ನೇ ಉರುಳಿಸಿಕೊಂಡು ಬಂದ. ಗಡಿಯಾರದ ತಾತ ಮನೆಯಲ್ಲೇ ಸಿಮೆಂಟು ಕಲಸಿ ಕಲ್ಲು ಮಾಡಿದ್ದರು.

"ಇದೆಲ್ಲ ಏನು?" ಎಂದರು ಟೀಚರು.

"ನಮ್ಮದು ನಾಲ್ಕೂವರೆ ಕಿಲೋ ಮೇಡಂ," ಎಂದರು ತಾತ, ಹೆಮ್ಮೆಯಿಂದ. "ತಕ್ಕಡಿ ಎಲ್ಲಿ?"

"ಯಾವ ತಕ್ಕಡಿ?"

ಎಲ್ಲರೂ ತಿರುಗಿ ಸೀಲುಸಾಹೇಬರನ್ನು ನೋಡಿದರು. ಸಾಹೇಬರು ಅಭ್ಯಾಸದಂತೆ ಟೋಪಿಯನ್ನು ಅಡುಗೆಮನೆಯ ಪಕ್ಕದ ಗೂಟಕ್ಕೆ ಸಿಕ್ಕಿಸಿ, ಬೂಟಿನ ಲಾಡಿಯ ನೆಪದಲ್ಲಿ ಬಗ್ಗಿದರು. ಅಂದು ಬಿಚ್ಚುವ ಲಾಡಿ ಬಹಳ ಇತ್ತು.

ಟೀಚರು ಗಂಟೆ ಬಾರಿಸಿದರು. "ಮಕ್ಕಳೇ, ನೀವು ತಂದದ್ದನ್ನ ಯಾರಿಗೋ ಅವರ ಗೂಟದ ಕೆಳಗೆ ಇಡಿ. ಎತ್ತೋಕೆ ಆಗದವರಿಗೆ... ಅಪ್ಪಂದಿರು ಸಹಾಯ ಮಾಡಲಿ."

ಗದ್ದಲದಲ್ಲಿ ಸಾಹೇಬರು ತಮ್ಮ ಪೊಟ್ಟಣವನ್ನು ಆಮೆಯ ಕೆಳಗೆ ತಳ್ಳಲು ಹೋದರು. ಕೈ ಅಲ್ಲೇ ನಿಂತಿತು. ಆಮೆಯ ಕೆಳಗೆ ಆಗಲೇ ಒಂದು ಪೊಟ್ಟಣ ಇತ್ತು! ಒಗೆದು ಒಣಗಿಸಿದ ಹಿಟ್ಟಿನ ಚೀಲದ ಬಟ್ಟೆ, ಅಡುಗೆಮನೆಯ ದಾರ, ಎರಡು ಸುತ್ತಿನ ಗಂಟು. ಆ ಗಂಟನ್ನು ಸಾಹೇಬರ ಕಣ್ಣು ಮೆಚ್ಚಿಕೊಂಡಿತು. ಹನ್ನೊಂದು ಮನೆಯ ಗಂಟನ್ನೂ ಅವರು ಕೌಂಟರಿನಲ್ಲಿ ನೋಡಿದ್ದರು. ಇದು ಅವುಗಳಲ್ಲಿ ಒಂದೂ ಅಲ್ಲ. ಹಾಗಾದರೆ ಯಾರದು? ಎಲ್ಲಿಂದ ಬಂತು? ಮೊಣಕಾಲೂರಿ ಮೂಸಿ ನೋಡಿದರು. ಹಬೆಯ ವಾಸನೆ, ಸಾಬೂನಿನ ವಾಸನೆ.

"ಅಪ್ಪ."

ಮಗಳು ತನ್ನ ಪುಟ್ಟ ಪೊಟ್ಟಣ ಹಿಡಿದು ಮೀನು, ರೈಲು, ಚಂದ್ರ, ಎಲ್ಲವನ್ನೂ ದಾಟಿ ಹೋಗಿ ಅಡುಗೆಮನೆಯ ಬಾಗಿಲ ಬಳಿ ತುದಿಗಾಲಲ್ಲಿ ನಿಂತಿದ್ದಳು.

"ಅಪ್ಪ, ನಿನ್ನ ಟೋಪಿ ತೆಗಿ. ಚಿತ್ರ ಕಾಣಲ್ಲ."

ಸಾಹೇಬರು ಟೋಪಿ ತೆಗೆದರು. ಗೂಟದ ಕೆಳಗೆ ಒಂದು ಸೌಟಿನ ಚಿತ್ರ.

"ಇದು... ಇದು ಯಾರದು?"

"ಅಡುಗೆಯಮ್ಮಂದು," ಎಂದು ಹನ್ನೆರಡು ಮಕ್ಕಳೂ ಒಟ್ಟಿಗೆ ಹೇಳಿದವು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಧ್ವನಿಯಲ್ಲಿ.

ಟೀಚರು ಮೇಜಿನಿಂದ ಸುತ್ತೋಲೆಯೊಂದನ್ನು ತೆಗೆದು ಸಾಹೇಬರ ಮುಂದೆ ಹಿಡಿದರು. ಮೂರನೆಯ ಸಾಲು: 'ಮಕ್ಕಳ ಆಸೆಯಂತೆ ಈ ವರ್ಷ ನಮ್ಮ ಅಡುಗೆಯಮ್ಮನವರೂ ಚೀಟಿ ಎತ್ತುತ್ತಾರೆ. ಒಟ್ಟು ಚೀಟಿ ಹದಿಮೂರು.' ಅದರ ಕೆಳಗೆ ದುಂಡಗೆ, ಅಚ್ಚುಕಟ್ಟಾಗಿ, ಸಾಹೇಬರ ಮೊಹರು: 'ಸ್ವೀಕರಿಸಲಾಗಿದೆ'.

ಅಡುಗೆಯಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮಗಳ ಪೊಟ್ಟಣದಲ್ಲಿ ಬಿಸಿ ಪಾತ್ರೆ ಹಿಡಿಯುವ ದಪ್ಪ ಬಟ್ಟೆಯ ಎರಡು ಕೈಗವಸು ಇದ್ದವು. ಅಜ್ಜಿಯ ಕೈಯ ಅಳತೆಗೆ ಕತ್ತರಿಸಿ, ಸೊಟ್ಟಸೊಟ್ಟಗೆ ಹೊಲಿದವು. "ಇವರು ಪಾತ್ರೆ ಇಳಿಸುವಾಗ ದಿನಾ ಸ್ ಸ್ ಅಂತಾರೆ," ಎಂದಳು ಮಗಳು. ಅಡುಗೆಯಮ್ಮ ಎರಡನ್ನೂ ತೊಟ್ಟುಕೊಂಡು, ತೆಗೆಯಲು ಮನಸ್ಸಾಗದೆ, ಆ ಕೈಯಲ್ಲೇ ಮಗುವಿನ ಕೆನ್ನೆ ಹಿಡಿದರು. ಆಮೆಯ ಕೆಳಗಿದ್ದ ಹಿಟ್ಟಿನ ಚೀಲದ ಬಟ್ಟೆಯೊಳಗೆ ತಮ್ಮದೇ ಹಳೆಯ ಏಪ್ರನ್ನಿನಿಂದ ಕತ್ತರಿಸಿದ ಪುಟ್ಟ ಏಪ್ರನ್ನು ಇತ್ತು. ಜೇಬಿನ ಮೇಲೆ ಹಸಿರು ನೂಲಿನ ಆಮೆ. "ತಟ್ಟೆ ತಂದು ಕೊಡೋ ಮಗು ಇದೊಂದೇ," ಎಂದರು ಅವರು, ಯಾರಿಗೂ ಅಲ್ಲದ ಹಾಗೆ.

"ಸರಿ, ಚೀಟಿಗಳನ್ನ ವಾಪಸ್ ಕೊಡಿ, ಮುಂದಿನ ವರ್ಷಕ್ಕೆ ಬೇಕು," ಎಂದರು ಟೀಚರು.

"ನಮ್ಮದು ಅಪ್ಪನ ಹತ್ರ ಭದ್ರವಾಗಿದೆ," ಎಂದಳು ಮಗಳು.

ಸಾಹೇಬರು ಜೇಬಿಗೆ ಕೈ ಹಾಕಿ ಅರಗಿನ ಬೆಂಕಿಪೊಟ್ಟಣ ಹೊರತೆಗೆದು ಟೀಚರ ಅಂಗೈಯಲ್ಲಿಟ್ಟರು. ಟೀಚರು ಮೊಹರು ಒಡೆದರು. ಬಿಳಿಯ ಉಂಡೆ ಉರುಳಿ ಬಿತ್ತು.

"ಕಳೆದದ್ದು ನಾನು," ಎಂದರು ಸಾಹೇಬರು. "ತೂಕದ ಮಾತೂ ನನ್ನದೇ. ಆವತ್ತು ಸ್ವಭಾವದ ದೋಷ ಅಂದಿದ್ದೆ... ಅದೂ ನನ್ನದೇ." ಮಗಳ ಕಡೆ ನೋಡಲು ಧೈರ್ಯವಾಗಲಿಲ್ಲ. "ನಿನ್ನನ್ನ ಕೇಳಬೇಕಿತ್ತು ಕಂದ."

"ನಾನೂ ಅಜ್ಜಿನೂ ಸೋಮವಾರನೇ ತೆಗೆದು ನೋಡಿ ಮತ್ತೆ ಅಂಟಿಸಿದ್ವಲ್ಲ," ಎಂದಳು ಮಗಳು. "ಮಂಗಳವಾರ ಅಜ್ಜಿನೇ 'ಚೀಟಿ ಸ್ನಾನ ಮಾಡ್ತು, ಅಪ್ಪನೇ ಹೇಳೋವರೆಗೂ ಸುಮ್ಮನಿರು' ಅಂದ್ರು. ಹೇಳೋಕೆ ಇಷ್ಟು ದಿನ ಬೇಕಾ ಅಪ್ಪ?"

ಮೊದಲು ನಕ್ಕವರು ಹಲ್ಲಿನ ಡಾಕ್ಟರು. "ಆ ಹಲ್ಲು ನಿಜವಾಗಲೂ ಕೆಟ್ಟಿತ್ತು ಸಾರ್, ಬೇಜಾರು ಮಾಡ್ಕೋಬೇಡಿ," ಎಂದರು. ಕ್ಷೌರಿಕ ಸಾಹೇಬರ ತಲೆ ನೋಡಿ ಬೇರೆ ಕಡೆ ತಿರುಗಿದ. ಗಡಿಯಾರದ ತಾತ ಮಾತ್ರ ಕಲ್ಲನ್ನು ವಾಪಸು ಹೊರಲು ಒಪ್ಪದೆ ಶಾಲೆಯ ಬಾಗಿಲಿಗೆ ಒತ್ತಾಗಿ ಇಟ್ಟರು. ಆ ಬಾಗಿಲು ಗಾಳಿಗೆ ಬಡಿದುಕೊಳ್ಳುವುದು ಅಂದಿನಿಂದ ನಿಂತಿತು.

ವಾರಸುದಾರರಿಲ್ಲದೆ ಉಳಿದ ರಟ್ಟಿನ ಕೌಂಟರಿಗೂ ವಾರಸುದಾರರು ಸಿಕ್ಕರು. ಹನ್ನೆರಡು ಮಕ್ಕಳೂ ಅದರ ಮುಂದೆ ಸಾಲು ನಿಂತು, ಆಮೆಯ ಮೊಹರನ್ನು ಪುಸ್ತಕಕ್ಕೆ, ಗೋಡೆಗೆ, ಮರಳಿನ ಗೊಂಬೆಯ ಹಣೆಗೆ, ಕೊನೆಗೆ ಸಾಹೇಬರ ಬೋಳುತಲೆಗೆ ಒತ್ತಿದವು.

ಎಲ್ಲರೂ ಹೊರಟ ಮೇಲೆ ಸಾಹೇಬರು ಟೋಪಿ ಎತ್ತಿಕೊಂಡರು. ಸೌಟಿನ ಗೂಟವನ್ನು ಒಂದು ಗಳಿಗೆ ನೋಡಿ, ಟೋಪಿಯ ಧೂಳು ಬಿದ್ದಿದ್ದ ಜಾಗವನ್ನು ತೋಳಿನಿಂದ ಒರೆಸಿದರು. ಇಷ್ಟು ದಿನ ಅಡುಗೆಯಮ್ಮ ತಮ್ಮ ಕೋಟನ್ನು ಎಲ್ಲಿ ಹಾಕುತ್ತಿದ್ದರೋ? ಒಳಗೆ ಇಣುಕಿದರು. ಕೋಟು ಕುರ್ಚಿಯ ಬೆನ್ನಿನ ಮೇಲಿತ್ತು.

"ಒಂದು ಮಾತು ಹೇಳೋದಲ್ವಾ ಅಮ್ಮ?"

"ಬೆಳಿಗ್ಗೆ ಆತುರದಲ್ಲಿ ಬರ್ತೀರಿ. ಒಂದು ಟೋಪಿ ತಾನೆ," ಎಂದರು ಅಡುಗೆಯಮ್ಮ.

ಆಮೇಲೆ ಅವರು ಒಲೆಯ ಕಡೆ ತಿರುಗಿ, ಹೊಸ ಕೈಗವಸು ತೊಟ್ಟ ಕೈಯಿಂದ ಮುಚ್ಚಿದ ಡಬ್ಬಿಯೊಂದನ್ನು ಎತ್ತಿ, ಬಟ್ಟೆ ಸುತ್ತಿ, ಎರಡು ಸುತ್ತಿನ ಗಂಟು ಹಾಕಿ ಸಾಹೇಬರ ಕೈಗೆ ಕೊಟ್ಟರು. ನಾಲ್ಕು ದಿನದ ಊಟ ತಪ್ಪಿದ ಸುದ್ದಿಯನ್ನು ಅವರಿಗೆ ಮುಟ್ಟಿಸಿದವಳು ಪುಟ್ಟ ಏಪ್ರನ್ನು ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

ಒಳಗೇನಿದೆ ಎಂದು ಸಾಹೇಬರು ಕೇಳಲಿಲ್ಲ. ಡಬ್ಬಿ ಬಿಸಿಯಾಗಿತ್ತು. ಅದನ್ನು ಟೋಪಿಯೊಳಗಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡರು.